ಒಂಬತ್ತನೆಯ ನಡೆಯವರೆಗೆ

ಅವನು ರಾಜನ ಕಾಲಾಳನ್ನು ಎರಡು ಮನೆ ನೂಕಿದ.
ನಾನೂ ನೂಕಿದೆ.
ಅವನು ಕುದುರೆ ತೆಗೆದ, ನಾನೂ ತೆಗೆದೆ.
ಗಡಿಯಾರದ ಗುಂಡಿ ಒತ್ತುವ ಸದ್ದು ಮಾತ್ರ ಬೇರೆ:
ಅವನದು ಟಕ್. ನನ್ನದು, ತುಸು ತಡವಾಗಿ, ಟಪ್.

ಸಾಗರದ ಹುಡುಗ, ತನ್ಮಯ್ ಶೇಟ್, ಹತ್ತು ವರ್ಷ;
ಕಾಲು ನೆಲ ಮುಟ್ಟದೆ ಕುರ್ಚಿಯ ಕೆಳಗೆ ತೂಗುತ್ತಿವೆ.
ನಾನು ಶಿವಮೊಗ್ಗ ಕೋರ್ಟಿನ ನಕಲು ಶಾಖೆಯವಳು,
ಇಪ್ಪತ್ತಾರು ವರ್ಷದಿಂದ ಊರವರ ಜಗಳಗಳ ಕೆಳಗೆ
'ಮೂಲದಂತೆ ನಕಲು' ಎಂದು ಮೊಹರು ಒತ್ತುವವಳು.
ನನಗೆ ಇದಕ್ಕಿಂತ ಒಪ್ಪುವ ಓಪನಿಂಗ್ ಇನ್ಯಾವುದು?

ಪೆಟ್ರಾಫ್ ಎಂದು ಇದರ ಹೆಸರು. ಯಾರೋ ರಷ್ಯದವನಂತೆ.
ಕಲಿಸಿದವರು ದುರ್ಗಿಗುಡಿಯ ವಾಚ್ ರಿಪೇರಿ ಗೌಸ್ ಪೀರ್ ಸಾಬರು,
ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ
ಇನ್ನೊಂದರಲ್ಲಿ ಮಣೆ ನೋಡುತ್ತ:
"ಎದುರಿನೋರು ಮಾಡಿದ್ದೇ ಮಾಡು ಬೇಟಿ,
ಮೂರನೇದ್ರಲ್ಲಿ ಮಾತ್ರ ಬ್ಯಾಡ.
ಅಲ್ಲೂ ನಕಲು ಹೊಡದ್ರೆ ವಜೀರ ಹೋಗ್ತಾನೆ."
ಅವರ ಪುಸ್ತಕ ಒಂಬತ್ತನೆಯ ನಡೆಯವರೆಗೆ ಇತ್ತು.
ಮುಂದಿನ ಹಾಳೆ ಹರಿದು, ಯಾವ ಕಾಲದಲ್ಲೋ,
ಯಾರದೋ ವಾಚಿನ ಹಲ್ಲುಚಕ್ರ ಕಟ್ಟಿಟ್ಟು ಮರೆತಿದ್ದರು.
ಆಮೇಲೆ? ಎಂದರೆ
"ಆಮೇಲೆ ನಿನ್ನ ನಸೀಬು" ಎನ್ನುವರು, ಮುಳ್ಳು ಕೂರಿಸುತ್ತ.

ಹಾಗಾಗಿ ಹತ್ತನೆಯದಕ್ಕೆ ನಾನು ಯಾವಾಗಲೂ ನಿಲ್ಲುತ್ತೇನೆ.
ಹುಡುಗನಿಗೆ ಇಪ್ಪತ್ತರವರೆಗೂ ಬಾಯಿಪಾಠ, ಕಂಪ್ಯೂಟರು ಹೇಳಿಕೊಟ್ಟದ್ದು.
ಹನ್ನೊಂದು ನಿಮಿಷ ಕೂತೆ.
ಕಲ್ಯಾಣಮಂಟಪದ ಹಿಂದೆ ಯಾರೋ ಕೊಪ್ಪರಿಗೆ ತಿಕ್ಕುತ್ತಿದ್ದರು,
ತಾಳಗುಪ್ಪದ ರೈಲು ದೂರದಲ್ಲಿ ಹೊಳೆ ದಾಟಿತು,
ನಾನು ಒಂಟೆಯನ್ನು ಯಾರೂ ಇಡದ ಮನೆಯಲ್ಲಿಟ್ಟೆ.
ಅವನ ಹುಬ್ಬು ಕೂಡಿತು. ಮೊದಲ ಸಲ
ಎರಡೂ ಕೈ ತೊಡೆಯಡಿ ಸೇರಿಸಿ ಕೂತ.

ಆಮೇಲಿನದು ಚಂದದ ಆಟವಲ್ಲ.
ನಲವತ್ತಕ್ಕೆ ಒಂದು ಕಾಲಾಳು ಕಳೆದೆ, ಐವತ್ತೆರಡಕ್ಕೆ ಇನ್ನೊಂದು.
ಡ್ರಾ ಮಾಡೋಣವಾ ಎಂದೆ; ತಲೆ ಅಲ್ಲಾಡಿಸಿದ.
ಅರ್ಧ ಸಾಲದು ಅವನಿಗೆ. ಹನ್ನೆರಡರೊಳಗಿನವರ ಸೈಕಲ್ಲು
ಪ್ಲಾಸ್ಟಿಕ್ ಸುತ್ತಿಕೊಂಡು ವೇದಿಕೆಯ ಮೇಲೆ ನಿಂತಿತ್ತು.
ಬಾಗಿಲಲ್ಲಿ ಅವನಮ್ಮ ಡಬ್ಬಿಯ ಮುಚ್ಚಳ ತೆಗೆಯುತ್ತ, ಹಾಕುತ್ತ.

ಕೊನೆಗೆ ನನ್ನ ಕುದುರೆಯನ್ನೇ ಕೊಟ್ಟೆ
ಅವನ ನಡುವಿನ ಕಾಲಾಳಿಗೆ.
ಉಳಿದದ್ದು ಅವನ ರಾಜ, ಬಿಳಿಮನೆಯ ಒಂಟೆ,
ಅಂಚಿನ ಸಾಲಿನಲ್ಲಿ ಒಬ್ಬ ಕಾಲಾಳು;
ನನ್ನದು ರಾಜನೊಬ್ಬನೇ, ಮೂಲೆಯ ಕಪ್ಪುಮನೆಯಲ್ಲಿ.
ಒಂಟೆಗೆ ಆ ಮನೆಯ ಬಾಗಿಲು ಈ ಜನ್ಮದಲ್ಲಿಲ್ಲ:
ಬಿಳಿಯಲ್ಲಿ ಹುಟ್ಟಿದ್ದು ಬಿಳಿಯಲ್ಲೇ ಓರೆಯಾಗಿ ಓಡಾಡಿ ಸಾಯಬೇಕು.
ಇದು ಹುಡುಗನಿಗೂ ಗೊತ್ತು. ಗೊತ್ತಿದ್ದೂ
ಹದಿನಾಲ್ಕು ನಡೆ ಆಡಿದ, ನಾನು ಎಲ್ಲಾದರೂ ಮರೆತೇನೆಂದು.
ಕುರ್ಚಿ ಪೇರಿಸುವವರು ಬಂದು ನಮ್ಮ ಬೆನ್ನಿಗೆ ನಿಂತರು;
ನಾಳೆ ಅಲ್ಲಿ ಯಾರದೋ ನಿಶ್ಚಿತಾರ್ಥ.

ಎಂಬತ್ತೊಂದಕ್ಕೆ ಕಾಲಾಳನ್ನು ಒತ್ತಿದ.
ಅದು ಕ್ವೀನ್ ಆಗಲು ಇನ್ನೊಂದೇ ಮನೆ. ಆ ಮನೆಯಲ್ಲಿ ನಾನು ಕೂತಿದ್ದೇನೆ.
ನನಗೆ ಹೋಗಲು ಜಾಗವಿಲ್ಲ, ಮೈಮೇಲೆ ಏಟೂ ಇಲ್ಲ.
ಅಂಥಲ್ಲಿ ಆಟ ಮುಗಿಯುವುದು ನಿಯಮ.

ಅಳಲಿಲ್ಲ. ಮೂಗು ಒರೆಸಿಕೊಂಡು
"ಆಂಟೀ, ಹತ್ತನೇ ಮೂವ್ ಯಾವ ಬುಕ್ಕಿಂದು?" ಎಂದ.
ಹರಿದ ಹಾಳೆಯದು ಎಂದೆ.
ನಂಬಿದನೋ ಏನೋ, ಅದರ ಪಕ್ಕ ಒಂದು ಚುಕ್ಕಿ ಇಟ್ಟುಕೊಂಡ.

ತೀರ್ಪುಗಾರರು, ಹರಿಗೆಯ ಡ್ರಿಲ್ ಮೇಷ್ಟ್ರು, ಗಡಿಯಾರ ನಿಲ್ಲಿಸಿ
"ರಾಜರಿಬ್ಬರನ್ನೂ ನಡುಮನೆಗೆ ತನ್ನಿ" ಎಂದರು;
ಡ್ರಾ ಆದ ಮಣೆಗೆ ಅದೇ ಗುರುತು.
ಮೂರೂಮುಕ್ಕಾಲು ಗಂಟೆ ಒಬ್ಬರ ಪಕ್ಕ ಒಬ್ಬರು ಸುಳಿಯಬಾರದಿದ್ದವರು
ನಡುಮನೆಯಲ್ಲಿ, ಭುಜ ತಾಗುವಷ್ಟು ಹತ್ತಿರ,
ಕಾಫಿಗೆ ಕಾಯುವ ನೆಂಟರ ಹಾಗೆ.

ಸಹಿ ಹಾಕುವಾಗ ನೋಡಿದೆ: ಅವನ ಹಾಳೆ, ನನ್ನ ಹಾಳೆ,
ಎಂಬತ್ತೊಂದು ಸಾಲು, ಕೈಬರಹ ಬೇರೆ, ಆಟ ಒಂದೇ.
ನನ್ನ ಕೈ, ಅಭ್ಯಾಸಕ್ಕೆ,
ಪರ್ಸಿನಲ್ಲಿ ಮೊಹರು ಹುಡುಕಿತು.